ಗಂಡು ಕರು ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಮಲೆನಾಡಿನ ಸಣ್ಣ ಕೊಟ್ಟಿಗೆಗಾಗಿ

ಹಸು ಗಂಡು ಕರು ಹಾಕಿತು ಅಂದರೆ ಈಗ ಎಷ್ಟೋ ಮನೆಗಳಲ್ಲಿ ಮುಖ ಸಪ್ಪಗಾಗುತ್ತದೆ. ಹಾಲಿಗಿಲ್ಲ, ಉಳುಮೆಗೆ ಟಿಲ್ಲರ್ ಬಂದಿದೆ, ಮಾರುವ ದಾರಿಯೂ ಕಿರಿದಾಗಿದೆ. ಆದರೂ ಸಾಕುತ್ತೇವೆ ಅನ್ನುವವರು ಇದ್ದಾರೆ. ಕೆಲವರಿಗೆ ಜೋಡಿ ಎತ್ತು ಬೇಕು, ಕೆಲವರಿಗೆ ತೋಟಕ್ಕೆ ಗೊಬ್ಬರ ಸಾಕು, ಕೆಲವರಿಗೆ ಮಲೆನಾಡಿನ ಸಣ್ಣ ದನದ ಗಿಡ್ಡ ತಳಿ ಉಳಿಯಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯವರು ಫೋನಿನಲ್ಲಿ, ಪತ್ರದಲ್ಲಿ, ಡೇರಿಗೆ ಹಾಲು ಹಾಕುವ ಸಾಲಿನಲ್ಲಿ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ. ನಿಮಗೆ ಬೇಕಾದ್ದನ್ನು ಹುಡುಕಿಕೊಳ್ಳಿ.

## ಸಾಕುವ ಮೊದಲು

ಗಂಡು ಕರು ಸಾಕೋದ್ರಿಂದ ಏನಾದ್ರೂ ಸಿಗುತ್ತಾ, ಇಲ್ಲ ಸುಮ್ನೆ ಖರ್ಚಾ?

ಹಿಂಡಿ ಕೊಂಡು, ಹುಲ್ಲು ಕೊಂಡು, ಕೂಲಿ ಕೊಟ್ಟು ಸಾಕಿದರೆ ಖರ್ಚೇ. ಹುಲ್ಲು ನಿಮ್ಮದೇ, ನೋಡಿಕೊಳ್ಳುವವರು ಮನೆಯವರೇ, ಗೊಬ್ಬರ ಹೋಗುವುದು ನಿಮ್ಮದೇ ತೋಟಕ್ಕೆ ಅಂದರೆ ಲೆಕ್ಕ ಬೇರೆಯಾಗುತ್ತದೆ. ನೂರು ಕೆಜಿ ಮೇಲ್ಪಟ್ಟ ಕರು ದಿನಕ್ಕೆ ಐದಾರು ಕೆಜಿ ಸಗಣಿ ಹಾಕುತ್ತದೆ. ವರ್ಷಕ್ಕೆ ಸುಮಾರು ಎರಡು ಟನ್. ಅಡಿಕೆ ಮರಕ್ಕೆ ವರ್ಷಕ್ಕೆ 12 ಕೆಜಿ ಕೊಟ್ಟಿಗೆ ಗೊಬ್ಬರ ಕೊಡಬೇಕು ಅನ್ನುವುದು ಶಿಫಾರಸು. ಕಾಲಡಿಗೆ ಹಾಸಿದ ಸೊಪ್ಪು, ದರಕು (ಒಣಗಿದ ಎಲೆ) ಸೇರಿದರೆ ಒಂದು ಕರುವಿನ ಗೊಬ್ಬರ ನೂರು ಮರಗಳಿಗೆ ಹತ್ತಿರ ಹತ್ತಿರ ಸಾಕಾಗುತ್ತದೆ. ಗೊಬ್ಬರದ ಲೋಡಿಗೆ ಈಗ ನಿಮ್ಮೂರಲ್ಲಿ ಎಷ್ಟು ಕೇಳುತ್ತಾರೆ ಅಂತ ನಿಮಗೇ ಗೊತ್ತಲ್ಲ, ಕೂಡಿಸಿ ನೋಡಿ.

ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಒಳ್ಳೆಯ ಜೋಡಿ ಎತ್ತಾದರೆ ಬೇಡಿಕೆ ಇದೆ. ಒಂಟಿ ಹೋರಿಗೆ ಕಡಿಮೆ.

ಹೊರದೇಶದಲ್ಲಿ ಮಾಂಸಕ್ಕೆ ಅಂತಾನೇ ಹೋರಿ ಸಾಕ್ತಾರಲ್ಲ, ಅದೇ ಥರ ಕಾಳು ತಿನ್ನಿಸಿದ್ರೆ ನಮ್ಮದೂ ಬೇಗ ಬೆಳೆಯಲ್ವಾ?

ಮೊದಲು ಕಾನೂನು. 2020ರ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ, ಅದೂ ಪ್ರಮಾಣಪತ್ರ ಇದ್ದರೆ, ವಿನಾಯಿತಿ. ತಪ್ಪಿದರೆ ಜೈಲು, ದಂಡ ಎರಡೂ ಇವೆ. ಹಾಗಾಗಿ ಮಾಂಸದ ಲೆಕ್ಕ ಹಾಕಿ ಕರು ಕಟ್ಟುವ ಮಾತು ಇಲ್ಲಿ ಬರುವುದಿಲ್ಲ.

ಇನ್ನು ಮೇವಿನ ವಿಷಯ. ಅಮೆರಿಕದಲ್ಲಿ ಬೀಜ ಒಡೆದ ಎಳೆ ಹೋರಿಗಳನ್ನು ಮೊದಲು ಹುಲ್ಲಿನ ಮೇಲೆ ಬೆಳೆಸುತ್ತಾರೆ. ಕೊನೆಯ ನಾಲ್ಕಾರು ತಿಂಗಳು ಮೆಕ್ಕೆಜೋಳವೇ ಮುಖ್ಯವಾದ ಮೇವು. ಆಗ ದಿನಕ್ಕೆ ಒಂದೂವರೆ ಕೆಜಿಯಷ್ಟು ತೂಕ ಏರುತ್ತದೆ. ಅದು ಅದಕ್ಕೆಂದೇ ಬೆಳೆಸಿದ ದೊಡ್ಡ ತಳಿ. ಏರುವ ತೂಕದಲ್ಲಿ ಕೊಬ್ಬಿನ ಪಾಲು ದೊಡ್ಡದು, ಅವರಿಗೆ ಬೇಕಾದ್ದೂ ಅದೇ. ಉಳುವ ಎತ್ತಿಗೆ ಕೊಬ್ಬು ಯಾಕೆ? ನಮ್ಮ ಕರುವಿಗೆ ಒಮ್ಮೆಲೇ ಕಾಳು ಸುರಿದರೆ ಹೊಟ್ಟೆಯಲ್ಲಿ ಹುಳಿ ಏರಿ, ಮೇವು ಬಿಟ್ಟು ಮಲಗುತ್ತದೆ. ಎರಡು ದಿನದಲ್ಲಿ ಸಾಯುವುದೂ ಇದೆ.

ಅವರಿಂದ ಕಲಿಯಬೇಕಾದ್ದು ಒಂದಿದೆ. ಯಾವ ಮೇವು ಬದಲಾಯಿಸುವುದಿದ್ದರೂ ಅವರು ಎರಡು ಮೂರು ವಾರ ತೆಗೆದುಕೊಂಡು ನಿಧಾನವಾಗಿ ಬದಲಾಯಿಸುತ್ತಾರೆ. ನಾವು ಮಳೆ ಬಿದ್ದು ಹಸಿರು ಚಿಗುರಿದ ಮೊದಲ ದಿನವೇ ಹೊಟ್ಟೆ ತುಂಬ ಮೇಯಲು ಬಿಡುತ್ತೇವೆ.

ಗಿಡ್ಡದ ಕರು ಒಳ್ಳೇದಾ, ಜರ್ಸಿ–ಎಚ್‌ಎಫ್ ಕರು ಒಳ್ಳೇದಾ?

ಸಾಕುವ ಉದ್ದೇಶ ಏನು ಅನ್ನುವುದರ ಮೇಲಿದೆ. ಮಲೆನಾಡು ಗಿಡ್ಡ ದೊಡ್ಡದಾದ ಮೇಲೂ ಮೂರಡಿ ಆಸುಪಾಸಿನ ಎತ್ತರ. ತಿನ್ನುವುದು ಕಡಿಮೆ, ಗುಡ್ಡ ಹತ್ತುತ್ತದೆ, ಮಳೆ ತಡೆಯುತ್ತದೆ, ಉಣುಗು (ರಕ್ತ ಹೀರುವ ಉಣ್ಣೆ ಹುಳ) ಕಚ್ಚಿದರೂ ಜ್ವರಕ್ಕೆ ಬೀಳುವುದು ಅಪರೂಪ. 2012ರಲ್ಲಿ ಇದನ್ನು ದೇಶದ ಒಂದು ತಳಿಯಾಗಿ ಅಧಿಕೃತವಾಗಿ ಗುರುತಿಸಿದರು. ಅಲ್ಲಿಯವರೆಗೆ ಕಾಗದದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಸಣ್ಣ ಗದ್ದೆ, ಗೊಬ್ಬರ, ಕಡಿಮೆ ಮೇವು ಅಂದರೆ ಗಿಡ್ಡವೇ ಸರಿ.

ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅಂದರೆ ಹೊರದೇಶದ ಹಾಲಿನ ತಳಿಗಳು. ಅವುಗಳ ಮಿಶ್ರತಳಿ ಗಂಡು ಕರು ಬೇಗ ಬೆಳೆಯುತ್ತದೆ. ಚೆನ್ನಾಗಿ ಮೇಯಿಸಿದರೆ ದಿನಕ್ಕೆ 400–500 ಗ್ರಾಂ ತೂಕ ಏರುತ್ತದೆ. ಗಿಡ್ಡದ್ದು ಅದರ ಅರ್ಧಕ್ಕೂ ಕಡಿಮೆ. ಆದರೆ ಮಿಶ್ರತಳಿಗೆ ಡುಬ್ಬ ಇರುವುದಿಲ್ಲ, ಇದ್ದರೂ ಅಷ್ಟಕ್ಕಷ್ಟೆ. ನೊಗ ಜಾರುತ್ತದೆ. ಬಿಸಿಲಿಗೆ ನಾಲಗೆ ಚಾಚಿ ಏದುಸಿರು ಬಿಡುತ್ತದೆ. ಬೆಳಗಿನ ಎರಡು ಮೂರು ಗಂಟೆ ಕೆಲಸಕ್ಕೆ ಪರವಾಗಿಲ್ಲ, ಇಡೀ ದಿನಕ್ಕಲ್ಲ.

ಗಾಡಿ, ದೊಡ್ಡ ಹೊಲ ಅಂದರೆ ಬಯಲುಸೀಮೆಯ ಹಳ್ಳಿಕಾರ್, ಅಮೃತಮಹಲ್ ಇವೆ. ಅವು ಘಟ್ಟದ ಮಳೆಗೆ ಹೊಂದಿಕೊಳ್ಳುವುದು ಕಷ್ಟ.

ಕರು ಕೊಳ್ಳೋಕೆ ಹೋದಾಗ ವಯಸ್ಸು ಸುಳ್ಳು ಹೇಳ್ತಾರೆ. ಹೇಗೆ ಕಂಡುಹಿಡಿಯೋದು?

ಬಾಯಿ ಬಿಡಿಸಿ ಕೆಳಗಿನ ಮುಂದಿನ ಹಲ್ಲು ನೋಡಿ. ಎಲ್ಲವೂ ಸಣ್ಣ ಹಾಲುಹಲ್ಲಾದರೆ ಎರಡು ವರ್ಷದ ಒಳಗಿನದು. ನಡುವೆ ಎರಡು ಅಗಲ ಹಲ್ಲು ಬಂದಿದ್ದರೆ ಎರಡು, ಎರಡೂವರೆ ವರ್ಷ. ನಾಲ್ಕಾದರೆ ಸುಮಾರು ಮೂರು. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ದಾಟಿದೆ. ಮೇವು ಸಾಲದ ಕರುಗಳಲ್ಲಿ ಹಲ್ಲು ತಡವಾಗಿ ಬರುತ್ತದೆ, ಅದನ್ನೂ ಗಮನದಲ್ಲಿಡಿ.

ಹಲ್ಲಿಗಿಂತ ಮೊದಲು ಕರುವನ್ನು ನಾಲ್ಕು ಹೆಜ್ಜೆ ನಡೆಸಿ. ಹೊಕ್ಕುಳ, ಮಂಡಿ ಊದಿದ್ದರೆ ಬೇಡ. ಬಾಲದ ಕೆಳಗೆ ಸಗಣಿ ಒಣಗಿ ಅಂಟಿದ್ದರೆ ಯೋಚಿಸಿ. ಕಿವಿಯಲ್ಲಿ 12 ಅಂಕಿಯ ಓಲೆ ಇದೆಯಾ ನೋಡಿ. ಕೊಂಡ ಕಾಗದ, ಪಶು ವೈದ್ಯರ ಆರೋಗ್ಯ ಪತ್ರ ಎರಡೂ ಇಲ್ಲದೆ ಗಾಡಿಗೆ ಹತ್ತಿಸಬೇಡಿ. ದಾರಿಯಲ್ಲಿ ನಿಲ್ಲಿಸಿ ಕೇಳಿದಾಗ ಬಾಯಿಮಾತು ಕೆಲಸಕ್ಕೆ ಬರುವುದಿಲ್ಲ.

## ಹುಟ್ಟಿದಾಗಿನಿಂದ ಮೂರು ತಿಂಗಳು

ಗಿಣ್ಣು ಹಾಲು ಜಾಸ್ತಿ ಕುಡಿದ್ರೆ ಕರುಗೆ ಭೇದಿ ಆಗುತ್ತೆ ಅಂತಾರೆ ಅಜ್ಜಿ. ಹೌದಾ?

ಅಜ್ಜಿಗೆ ಗೌರವ ಇರಲಿ, ಗಿಣ್ಣು ಮಾತ್ರ ಕರುವಿಗೆ ಇರಲಿ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದೇ ಇಲ್ಲ. ಅದೆಲ್ಲ ಬರುವುದು ಗಿಣ್ಣಿನಿಂದ. ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಒಂದು ದಿನ ಕಳೆದರೆ ಬಾಗಿಲು ಮುಚ್ಚಿದ ಹಾಗೆ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ ಕುಡಿಸಿ. ಮಾಸು ಬೀಳಲಿ ಅಂತ ಕಾಯಬೇಡಿ. ಮೊದಲ ದಿನ ತೂಕದ ಹತ್ತನೇ ಒಂದು ಪಾಲಾದರೂ ಹೊಟ್ಟೆಗೆ ಹೋಗಬೇಕು. 30 ಕೆಜಿಯ ಎಚ್‌ಎಫ್ ಕರುವಿಗೆ ಮೂರು ಲೀಟರ್, ಹತ್ತು ಕೆಜಿ ಆಸುಪಾಸಿನ ಗಿಡ್ಡದ ಕರುವಿಗೆ ಒಂದು ಲೀಟರ್. ಎರಡು ಮೂರು ಸಲ ಹಂಚಿ ಕೊಡಿ.

ಮನೆಗೆ ಗಿಣ್ಣು ಬೇಕೇ ಬೇಕು ಅಂದರೆ ಕರು ಕುಡಿದು ಉಳಿದದ್ದು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದನ್ನೂ ಅದೇ ಹೊತ್ತಿಗೆ ಮುಗಿಸಿ.

ಡೇರಿಗೆ ಹಾಲು ಹಾಕ್ಬೇಕು. ಗಂಡು ಕರುಗೆ ಎಷ್ಟು ಬಿಟ್ರೆ ಸಾಕು?

ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ ಇದು. ಎಲ್ಲಕ್ಕಿಂತ ಹೆಚ್ಚು ಕರುಗಳು ಕೆಡುವುದೂ ಇಲ್ಲೇ. ಹೆಣ್ಣು ಕರುವಿಗೆ ಎರಡು ಮೊಲೆ ಬಿಡುವ ಮನೆಯಲ್ಲೇ ಗಂಡಿಗೆ ಸೊರ ಬಿಡಿಸುವಷ್ಟು ಮಾತ್ರ ಬಿಡುತ್ತಾರೆ. ಆಮೇಲೆ ವರ್ಷ ಕಳೆದರೂ ಅದು ಆಡಿನಷ್ಟೇ ಇರುತ್ತದೆ. ಆಗ ಎಷ್ಟು ಹಿಂಡಿ ಹಾಕಿದರೂ ಮೊದಲ ಮೂರು ತಿಂಗಳಲ್ಲಿ ಕಳೆದುಕೊಂಡದ್ದು ಪೂರ್ತಿ ವಾಪಸ್ ಬರುವುದಿಲ್ಲ.

ತೂಕದ ಹತ್ತನೇ ಒಂದು ಪಾಲು ಹಾಲು, ದಿನಕ್ಕೆ ಎರಡು ಹೊತ್ತು, ಎರಡು ತಿಂಗಳು. ಮಿಶ್ರತಳಿ ಕರುವಿಗೆ ಇದು ದಿನಕ್ಕೆ ಮೂರು ಲೀಟರ್‌ನಿಂದ ಶುರು. ಒಂದು ತಿಂಗಳಾದ ಮೇಲೆ ಕರು ಒಣ ತಿಂಡಿ ತಿನ್ನಲು ಕಲಿತಿದ್ದರೆ ಹಾಲನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. ಹೀಗೆ ಮಾಡಿದರೆ ಒಟ್ಟು ನೂರೈವತ್ತು ಲೀಟರ್ ಒಳಗೆ ಮುಗಿಯುತ್ತದೆ. ಅಷ್ಟು ಬಿಡಲು ಮನಸ್ಸಿಲ್ಲ ಅಂದರೆ ಕರು ಸಾಕುವ ಆಸೆಯನ್ನೇ ಬಿಡುವುದು ವಾಸಿ. ಅರೆಹೊಟ್ಟೆಯಲ್ಲಿ ಬೆಳೆಸಿ ರಸ್ತೆಗೆ ಬಿಡುವುದಕ್ಕಿಂತ, ಮೊದಲ ವಾರದಲ್ಲೇ ಸಾಕುವವರನ್ನು ಹುಡುಕಿ ಕೊಡಿ.

ಗಿಡ್ಡದ ವಿಷಯದಲ್ಲಿ ತಲೆಬಿಸಿ ಬೇಡ. ತಾಯಿಗೆ ಇರುವುದೇ ಎರಡು ಲೀಟರ್ ಆಸುಪಾಸು. ಒಂದು ಹೊತ್ತಿನದು ಮನೆಗೆ, ಒಂದು ಹೊತ್ತಿನದು ಕರುವಿಗೆ.

ಹುಲ್ಲು, ಹಿಂಡಿ ಯಾವಾಗಿಂದ ಕೊಡ್ಬಹುದು?

ಎರಡನೇ ವಾರದಿಂದ. ಆಗ ತಿನ್ನುವುದು ಒಂದು ಚಿಟಿಕೆ, ಆದರೆ ಆ ಚಿಟಿಕೆಯಿಂದಲೇ ಹೊಟ್ಟೆಯ ದೊಡ್ಡ ಚೀಲ ಬೆಳೆಯಲು ಶುರುವಾಗುತ್ತದೆ. ಬರೀ ಹಾಲು ಕುಡಿದ ಕರುವಿಗೆ ಮೂರು ತಿಂಗಳಾದರೂ ಹುಲ್ಲು ಅರಗಿಸುವ ಹೊಟ್ಟೆ ಬರುವುದಿಲ್ಲ. ಸೊಸೈಟಿಯಲ್ಲಿ ಸಿಗುವ ಕರುವಿನ ಆಹಾರ ಒಳ್ಳೆಯದು. ಇಲ್ಲವಾದರೆ ಒಡೆದ ಮೆಕ್ಕೆಜೋಳ, ಶೇಂಗಾ ಹಿಂಡಿ, ಗೋಧಿ ಬೂಸಾ ಸೇರಿಸಿ ಒಣದಾಗಿಯೇ ಇಡಿ. ಕಲಸಿ ಗಂಜಿ ಮಾಡಬೇಡಿ. ಹತ್ತಿಕಾಳು ಹಿಂಡಿ ಎಳೆ ಕರುವಿಗೆ ಬೇಡ, ಅದರಲ್ಲಿರುವ ಗಾಸಿಪಾಲ್ ಅನ್ನುವ ವಿಷವನ್ನು ಅದು ತಡೆಯುವುದಿಲ್ಲ.

ನೀರು ಮೊದಲ ವಾರದಿಂದಲೇ ಇಡಿ. ಹಾಲು ಕುಡಿಯುತ್ತಲ್ಲ, ನೀರು ಯಾಕೆ ಅನ್ನುವವರು ಜಾಸ್ತಿ. ಹಾಲು ಹೋಗುವುದು ಬೇರೆ ಚೀಲಕ್ಕೆ, ನೀರು ಹೋಗುವುದು ದೊಡ್ಡ ಚೀಲಕ್ಕೆ.

ಕರು ಮಣ್ಣು ನೆಕ್ಕುತ್ತೆ, ಹೊಟ್ಟೆ ಮಾತ್ರ ಡೊಳ್ಳು, ಮೈ ಒಣಗಿದೆ. ಏನು ಮಾಡ್ಲಿ?

ನೂರಕ್ಕೆ ಎಂಬತ್ತು ಪಾಲು ಜಂತುಹುಳ ಅಂದುಕೊಳ್ಳಿ. ದುಂಡು ಹುಳದ ಮರಿಗಳು ತಾಯಿಯ ಹಾಲಿನಲ್ಲೇ ಕರುವಿಗೆ ಬರುತ್ತವೆ. ಅದಕ್ಕೇ ಮೊದಲ ಜಂತುಹುಳದ ಔಷಧಿ ಹತ್ತು ಹದಿನೈದು ದಿನಕ್ಕೇ ಕೊಡಬೇಕು. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅಲ್ಲಿಂದ ಮೂರು ತಿಂಗಳಿಗೊಮ್ಮೆ. ಪ್ರತಿಸಲ ಒಂದೇ ಔಷಧಿ ಬೇಡ. ಎಷ್ಟು ಕೊಡಬೇಕು ಅನ್ನುವುದು ತೂಕದ ಲೆಕ್ಕ, ಪಶು ಆಸ್ಪತ್ರೆಯಲ್ಲಿ ಕೇಳಿ.

ಗದ್ದೆ ಬದು, ಕೆರೆ ಅಂಚಿನಲ್ಲಿ ಮೇಯುವ ಕರುವಿಗೆ ಇನ್ನೊಂದು ಕಾಟ ಇದೆ. ನೀರಿನ ಬಸವನಹುಳುವಿನ ಮೂಲಕ ಬರುವ ಚಪ್ಪಟೆ ಹುಳ ಯಕೃತ್ತಿಗೆ ಸೇರುತ್ತದೆ. ಗದ್ದ ಜೋತುಬಿದ್ದು ನೀರು ತುಂಬಿದ ಹಾಗೆ ಕಂಡರೆ ಅದು. ಮಾಮೂಲಿ ಜಂತು ಔಷಧಿ ಇದಕ್ಕೆ ಸಾಲದು. ಸಗಣಿ ಪರೀಕ್ಷೆ ಮಾಡಿಸಿ. ಒಂದು ಬೆಂಕಿಪೊಟ್ಟಣದಷ್ಟು ಸಗಣಿ ತೆಗೆದುಕೊಂಡು ಹೋದರೆ ಸಾಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ ಇರುವವರು ಅಲ್ಲಿಗೇ ಹೋಗಬಹುದು.

ಹುಳ ಇಲ್ಲ ಅಂತಾದ ಮೇಲೂ ಮಣ್ಣು, ಬಟ್ಟೆ, ಗೋಡೆ ನೆಕ್ಕುತ್ತಿದ್ದರೆ ಉಪ್ಪು, ಖನಿಜ ಮಿಶ್ರಣ ಸಾಲುತ್ತಿಲ್ಲ.

ಭೇದಿ ಶುರುವಾದ್ರೆ ಹಾಲು ನಿಲ್ಲಿಸ್ಬೇಕಾ?

ಬೇಡ. ಹೊಟ್ಟೆಗಿಲ್ಲದೆ ಇನ್ನೂ ಸೊರಗುತ್ತದೆ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ನಡುವೆ ಓಆರ್‌ಎಸ್ ನೀರು ಕುಡಿಸಿ. ಹಾಲಿಗೇ ಬೆರೆಸಬೇಡಿ. ಕಣ್ಣು ಒಳಗೆ ಹೋಗಿದ್ದರೆ, ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟಾಗ ಹಾಗೇ ನಿಂತರೆ, ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮನೆಮದ್ದಿನ ಹೊತ್ತು ಮುಗಿದಿದೆ, ಡಾಕ್ಟರಿಗೆ ಫೋನ್ ಮಾಡಿ. ಪಶು ಸಂಜೀವಿನಿ ಗಾಡಿಯ ನಂಬರು 1962.

## ಮೇವು

ದಿನಕ್ಕೆ ಎಷ್ಟು ಹಾಕ್ಬೇಕು? ತೂಕದ ಲೆಕ್ಕ ಅಂತೀರಿ, ಅಷ್ಟು ದೊಡ್ಡ ತಕ್ಕಡಿ ಎಲ್ಲಿಂದ ತರೋದು ಮಾರಾಯ್ರೆ?

ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ಹಿಡಿಯಿರಿ. ಭುಜದ ಮೂಳೆಯಿಂದ ಹಿಂದಿನ ಪೃಷ್ಠದ ಮೂಳೆಯವರೆಗೆ ಉದ್ದ ಹಿಡಿಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬಂದದ್ದು ಕೆಜಿ. ಸುತ್ತಳತೆ 40, ಉದ್ದ 36 ಇದ್ದರೆ 87 ಕೆಜಿ. ಐದಾರು ಕೆಜಿ ಆಚೀಚೆ ಆಗಬಹುದು, ಅಷ್ಟಕ್ಕೆ ತೊಂದರೆ ಇಲ್ಲ. ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡಿ. ದಿನಾ ನೋಡುವ ಕಣ್ಣಿಗೆ ಕರು ಸೊರಗಿದ್ದು ಗೊತ್ತಾಗುವುದಿಲ್ಲ, ಟೇಪಿಗೆ ಗೊತ್ತಾಗುತ್ತದೆ.

ಬೆಳೆಯುವ ಕರು ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಪಾಲು ಮೇವು ತಿನ್ನುತ್ತದೆ, ಅದೂ ನೀರಿನಂಶ ಬಿಟ್ಟು. ಹಸಿ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಆ 87 ಕೆಜಿ ಕರುವಿಗೆ 6 ಕೆಜಿ ಹಸಿ ಹುಲ್ಲು, ಮುಕ್ಕಾಲು ಕೆಜಿ ಭತ್ತದ ಹುಲ್ಲು, 400 ಗ್ರಾಂ ಹಿಂಡಿ–ತೌಡು ಅಂದರೆ ಸರಿಹೋಗುತ್ತದೆ. ಇದರ ಜೊತೆ 15–20 ಗ್ರಾಂ ಖನಿಜ ಮಿಶ್ರಣ, ಅಷ್ಟೇ ಉಪ್ಪು. ಗುಡ್ಡಕ್ಕೆ ಮೇಯಲು ಹೋಗಿ ಬರುವ ಕರುವಾದರೆ ಹಸಿ ಹುಲ್ಲಿನ ಪಾಲು ಕಳೆಯಿರಿ. ಆದರೆ ಫೆಬ್ರವರಿಯಿಂದ ಮೇವರೆಗೆ ಗುಡ್ಡದಲ್ಲಿ ಸಿಗುವುದು ಒಣಗಿದ ಕರಡ ಮಾತ್ರ, ಆಗ ಕಳೆಯಬೇಡಿ.

ನಮ್ಮಲ್ಲಿ ಭತ್ತದ ಹುಲ್ಲು ಬಿಟ್ರೆ ಬೇರೇನೂ ಇಲ್ಲ. ಅದ್ರಲ್ಲೇ ಸಾಕೋಕಾಗಲ್ವಾ?

ಜೀವ ಉಳಿಯುತ್ತದೆ, ಮೈ ಬೆಳೆಯುವುದಿಲ್ಲ. ಭತ್ತದ ಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಮೂರೋ ನಾಲ್ಕೋ. ಹೊಟ್ಟೆಯಲ್ಲಿ ಹುಲ್ಲು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೇ ಅದು ಸಾಲದು. ಅದಕ್ಕೇ ಬರೀ ಒಣಹುಲ್ಲು ತಿಂದ ಕರುವಿನ ಹೊಟ್ಟೆ ತುಂಬಿಯೇ ಇರುತ್ತದೆ, ಪಕ್ಕೆಲುಬು ಕಾಣುತ್ತಲೇ ಇರುತ್ತದೆ.

ಆರು ತಿಂಗಳು ದಾಟಿದ ಕರುವಿಗೆ ಯೂರಿಯಾ ಹುಲ್ಲು ಮಾಡಬಹುದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಬೇಕು. ಹುಲ್ಲನ್ನು ಪದರ ಪದರವಾಗಿ ಹಾಸಿ, ಪ್ರತಿ ಪದರಕ್ಕೂ ಸಮನಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹೊದಿಸಿ ಗಾಳಿ ಆಡದ ಹಾಗೆ 21 ದಿನ ಮುಚ್ಚಿಡಿ. ತೆಗೆದ ಮೇಲೆ ವಾಸನೆ ಹೋಗುವಷ್ಟು ಹೊತ್ತು ಹರಡಿ, ಆಮೇಲೆ ಹಾಕಿ. ಅಳತೆ ತಪ್ಪಿಸಬೇಡಿ, ಯೂರಿಯಾ ನೀರನ್ನು ದನ ಕುಡಿಯುವ ಜಾಗದಲ್ಲಿ ಇಡಬೇಡಿ. ನೇರವಾಗಿ ಕುಡಿದರೆ ಗಂಟೆಯೊಳಗೆ ಪ್ರಾಣ ಹೋಗುತ್ತದೆ. ಆರು ತಿಂಗಳ ಒಳಗಿನ ಕರುವಿಗೆ ಈ ಹುಲ್ಲು ಬೇಡವೇ ಬೇಡ.

ಇಷ್ಟೆಲ್ಲ ಯಾರು ಮಾಡುತ್ತಾರೆ ಅಂದರೆ, ತೋಟದ ಅಂಚಿನಲ್ಲಿ ಹತ್ತಿಪ್ಪತ್ತು ಬುಡ ನೇಪಿಯರ್ ಹುಲ್ಲು ನೆಡಿ, ಅದರಲ್ಲಿ ಕೋ–4 ತಳಿ ಚೆನ್ನಾಗಿ ಬರುತ್ತದೆ. ನೆರಳಿನಲ್ಲಿ ಗಿನಿ ಹುಲ್ಲು ಒಳ್ಳೆಯದು. ಬೇಲಿಗೆ ಅಗಸೆ, ಗ್ಲಿರಿಸೀಡಿಯ ಹಾಕಿದರೆ ಪ್ರೋಟೀನಿಗೂ ಆಯಿತು. ಗ್ಲಿರಿಸೀಡಿಯವನ್ನು ಕೊಯ್ದು ಒಂದು ದಿನ ಬಾಡಿಸಿ ಹಾಕಿ, ಹಸಿಯದ್ದನ್ನು ಮೂಸಿ ನೋಡಿ ಬಿಡುತ್ತವೆ.

ತೌಡು ಮನೇಲೇ ಇದೆ, ಅಕ್ಕಚ್ಚೂ ಇದೆ. ಹಿಂಡಿಗೆ ಯಾಕೆ ದುಡ್ಡು ಸುರೀಬೇಕು?

ತೌಡಿನಿಂದ ಶಕ್ತಿ ಸಿಗುತ್ತದೆ, ಮೈ ಕಟ್ಟುವ ಪ್ರೋಟೀನು ಕಡಿಮೆ. ಶೇಂಗಾ ಹಿಂಡಿಯಲ್ಲಿ ನೂರಕ್ಕೆ ನಲವತ್ತು ಪಾಲು ಪ್ರೋಟೀನು, ಕೊಬ್ಬರಿ ಹಿಂಡಿಯಲ್ಲಿ ಇಪ್ಪತ್ತು, ತೌಡಿನಲ್ಲಿ ಹನ್ನೆರಡರ ಆಸುಪಾಸು. ಎರಡು ಪಾಲು ತೌಡು, ಒಂದು ಪಾಲು ಶೇಂಗಾ ಹಿಂಡಿ ಸೇರಿಸಿದರೆ ಸಾಕಷ್ಟಾಯಿತು. ಬರೀ ತೌಡು ಕೊಡುವುದರಲ್ಲಿ ಗಂಡು ಕರುವಿಗೆ ಇನ್ನೊಂದು ಅಪಾಯವೂ ಇದೆ. ಮೂತ್ರ ಕಟ್ಟುವ ಪ್ರಶ್ನೆಯಲ್ಲಿ ಅದನ್ನು ಬರೆದಿದ್ದೇನೆ.

ಅಕ್ಕಚ್ಚು ಕೊಡಿ, ಆದರೆ ಹಳಸಿದ ಅನ್ನ ಬಕೆಟ್‌ಗಟ್ಟಲೆ ಸುರಿಯಬೇಡಿ. ಮದುವೆ ಮನೆಯ ಮರುದಿನ ದನ ಹೊಟ್ಟೆ ಕೆಟ್ಟು ಮಲಗುವುದನ್ನು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇವೆ.

ಮಳೆಗಾಲದಲ್ಲಿ ಹಿಂಡಿ ಚೀಲ ನೆಲಕ್ಕೆ ತಾಗದಿರಲಿ, ಹಲಗೆಯ ಮೇಲಿರಲಿ. ಬೂಸ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಯಕೃತ್ತು ಕೆಡಿಸುವ ವಿಷ ಇರುತ್ತದೆ. ಒಣಗಿಸಿದರೆ ಅದು ಹೋಗುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿ.

ಅಡಿಕೆ ಹಾಳೆ, ತೋಟದ ಹುಲ್ಲು, ಹಲಸಿನ ಹಣ್ಣು ಇವೆಲ್ಲ ಕೊಡ್ಬಹುದಾ?

ಹಾಳೆ ಕೊಡಬಹುದು. ಹೊಸದಾಗಿ ಬಿದ್ದದ್ದು, ಸಣ್ಣಗೆ ಕತ್ತರಿಸಿದ್ದು. ಗುಣದಲ್ಲಿ ಭತ್ತದ ಹುಲ್ಲಿಗೆ ಹತ್ತಿರ, ಹಾಗಾಗಿ ಹುಲ್ಲಿನ ಬದಲಿಗೆ ಸರಿ, ಹಿಂಡಿಯ ಬದಲಿಗಲ್ಲ. ಮಳೆಯಲ್ಲಿ ನೆನೆದು ಕಪ್ಪು ಚುಕ್ಕೆ ಬಂದದ್ದು ಬೇಡ.

ತೋಟದ ಹುಲ್ಲಿನಲ್ಲಿ ನೋಡಬೇಕಾದ್ದು ಔಷಧಿ. ಕೊಳೆರೋಗಕ್ಕೆ ಬೋರ್ಡೊ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದರಲ್ಲಿ ಸಾಕಷ್ಟು ಕೆಳಗಿನ ಹುಲ್ಲಿನ ಮೇಲೇ ಬೀಳುತ್ತದೆ. ತಾಮ್ರ ಯಕೃತ್ತಿನಲ್ಲಿ ಕೂಡುತ್ತಾ ಹೋಗುತ್ತದೆ, ಎಳೆ ಕರುಗಳಿಗೆ ಜಾಸ್ತಿ ತೊಂದರೆ. ಹುಲ್ಲಿನ ಮೇಲಿನ ನೀಲಿ ಕಲೆ ಪೂರ್ತಿ ಹೋಗುವವರೆಗೂ ಕೊಯ್ಯಬೇಡಿ. ನಾಲ್ಕಾರು ಜೋರು ಮಳೆ ಬಿದ್ದು ತೊಳೆದು, ಹೊಸ ಚಿಗುರು ಬರಲಿ. ಕುರಿ ಇದ್ದರಂತೂ ಅತ್ತ ಬಿಡಲೇಬೇಡಿ.

ಹಲಸಿನ ಸೊಪ್ಪು ಒಳ್ಳೆಯದು. ಹಣ್ಣು, ರಚ್ಚೆ ಒಂದೆರಡು ಹಿಡಿ. ಮರದ ಕೆಳಗೆ ಬಿದ್ದ ಹಣ್ಣನ್ನು ರಾತ್ರಿಯೆಲ್ಲ ತಿಂದ ಕರುವಿನ ಹೊಟ್ಟೆ ಎಡಗಡೆ ಉಬ್ಬುತ್ತದೆ, ಹಲ್ಲು ಕಡಿಯುತ್ತದೆ, ಹುಳಿ ವಾಸನೆಯ ಭೇದಿ ಆಗುತ್ತದೆ. ಜೂನಿನಲ್ಲಿ ಹಲಸಿನ ಮರದ ಹತ್ತಿರ ಕಟ್ಟಬೇಡಿ. ಉಬ್ಬರಕ್ಕೆ ಎಣ್ಣೆ ಕುಡಿಸುವುದಾದರೆ 50–100 ಮಿಲಿ ಸಾಕು. ಗೊಟ್ಟದಲ್ಲಿ ಹಾಕುವಾಗ ತಲೆ ತೀರಾ ಮೇಲೆತ್ತಬೇಡಿ, ನಾಲಗೆ ಎಳೆಯಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಉಬ್ಬರಕ್ಕಿಂತ ಕಷ್ಟ.

ಅಜೋಲಾ ಬೆಳೆದ್ರೆ ಹಿಂಡಿಯೇ ಬೇಡ್ವಂತೆ?

ಅಜೋಲಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನೀರು. ಒಂದು ಕೆಜಿ ಅಂದರೆ ಒಣ ಲೆಕ್ಕದಲ್ಲಿ ಒಂದು ಮುಷ್ಟಿ. ಕೊಟ್ಟರೆ ಒಳ್ಳೆಯದೇ, ಹಿಂಡಿ ನಿಲ್ಲಿಸುವಷ್ಟಲ್ಲ.

## ಮಳೆ, ಕಾಡು, ಕಾಯಿಲೆ

ನಮ್ಮ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಇಲ್ಲ. ಕರು ಹೇಗೆ ಇಟ್ಕೊಳ್ಳೋದು?

ಕರು ಚಳಿ ತಡೆಯುತ್ತದೆ, ಒದ್ದೆ ನೆಲ ತಡೆಯುವುದಿಲ್ಲ. ಆರು ತಿಂಗಳ ಒಳಗಿನದನ್ನು ಕೊಟ್ಟಿಗೆಯ ಎತ್ತರದ ಮೂಲೆಯಲ್ಲಿ, ದೊಡ್ಡ ದನಗಳ ಗಂಜಲ ಹರಿಯದ ಕಡೆ ಕಟ್ಟಿ. ದರಕು ಅಥವಾ ಒಣಹುಲ್ಲು ದಿನಾ ಹಾಸಿ. ಅದರ ಮೇಲೆ ಮೊಣಕಾಲೂರಿ ನೋಡಿ. ನಿಮ್ಮ ಪಂಚೆ ಒದ್ದೆಯಾದರೆ ಕರುವೂ ಒದ್ದೆಯಲ್ಲೇ ಮಲಗಿದೆ. ಗಾಳಿ ಮೇಲಿನಿಂದ ಆಡಲಿ. ಇರಚಲು ತಪ್ಪಿಸಲು ನಾಲ್ಕೂ ಕಡೆ ಪ್ಲಾಸ್ಟಿಕ್ ಕಟ್ಟಿ ಕತ್ತಲೆ ಮಾಡಿದರೆ ಗಂಜಲದ ಘಾಟಿಗೇ ಕೆಮ್ಮು ಬರುತ್ತದೆ. ಸೊಳ್ಳೆಗೆ ಹೊಗೆ ಹಾಕುವುದು ಸರಿ, ಸಂಜೆ ಅರ್ಧ ಗಂಟೆ ಸಾಕು.

ಮೇಯಲು ಬಿಡುವುದು ಇಬ್ಬನಿ ಆರಿದ ಮೇಲೆ. ಬಂದ ತಕ್ಷಣ ಗೊರಸಿನ ಸಂದು, ಮೂಗಿನ ಹೊಳ್ಳೆ ನೋಡಿ, ಇಂಬಳ ಸೇರಿಕೊಂಡಿರುತ್ತದೆ.

ಕಾಡಿಗೆ ಮೇಯೋಕೆ ಹೋದ ಕರು ಮೈತುಂಬ ಉಣುಗು ಹತ್ತಿಸ್ಕೊಂಡು ಬರುತ್ತೆ. ಅದರಿಂದ ಮಂಗನ ಕಾಯಿಲೆ ಕರುಗೂ ಬರುತ್ತಾ?

ಕರುವಿಗೆ ಬರುವುದಿಲ್ಲ, ನಿಮಗೆ ಬರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆಯ ವೈರಸ್ ಹರಡುವುದು ಉಣುಗಿನಿಂದ. ದೊಡ್ಡ ಉಣುಗು ರಕ್ತ ಕುಡಿದು ಮೊಟ್ಟೆ ಇಡಲು ದನದ ಮೈ ಬೇಕು. ಮನುಷ್ಯರನ್ನು ಕಚ್ಚುವುದು ಅದರ ಸಣ್ಣ ಮರಿ, ನವೆಂಬರಿನಿಂದ ಮೇವರೆಗೆ ಜಾಸ್ತಿ. ದನ ಕಾಯಿಲೆ ಬೀಳದಿದ್ದರೂ ಉಣುಗಿನ ಸಂತತಿ ಬೆಳೆಯಲು ದನವೇ ದಾರಿ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಬಿಡಬೇಡಿ. ಅಲ್ಲಿಂದ ದರಕನ್ನೂ ತರಬೇಡಿ, ಅದರಲ್ಲೂ ಉಣುಗಿನ ಮರಿ ಇರುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಲೇಬೇಕಾದವರು ಉದ್ದ ತೋಳಿನ ಅಂಗಿ ಹಾಕಿ, ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ.

ಕರುವಿನ ಮೈಗೆ ಅಮಿಟ್ರಾಜ್ ಔಷಧಿಯನ್ನು ಲೀಟರಿಗೆ 2 ಮಿಲಿ ಬೆರೆಸಿ, ಬಿಸಿಲಿರುವ ದಿನ ಹೊಡೆಯಿರಿ. ಕಿವಿಯೊಳಗೆ, ಬಾಲದ ಬುಡ, ತೊಡೆ ಸಂದು ಬಿಡಬೇಡಿ. ಆರುವವರೆಗೆ ನೆಕ್ಕದ ಹಾಗೆ ಬಾಯಿಗೆ ಕುಕ್ಕೆ ಹಾಕಿ. ತೀರಾ ಎಳೆಯದಾದರೆ ಡಾಕ್ಟರನ್ನು ಕೇಳಿಯೇ ಹಚ್ಚಿ. ಮಿಶ್ರತಳಿ ಕರುಗಳಿಗೆ ಉಣುಗಿನಿಂದ ಬೇರೆ ಜ್ವರಗಳೂ ಬರುತ್ತವೆ. ಕರುವಿನ ಮೈ ಬಿಸಿ ಸಾಮಾನ್ಯವಾಗಿ 101.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿ, ಕಿವಿಯ ಕೆಳಗೆ ಗಂಟು ಸಿಕ್ಕರೆ ಕಾಯಬೇಡಿ.

ಗಂಡು ಕರುಗೂ ಎಲ್ಲ ಲಸಿಕೆ ಹಾಕಿಸ್ಬೇಕಾ?

ಗಬ್ಬ ಇಳಿಸುವ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಹೆಣ್ಣು ಕರುಗಳಿಗೆ ಮಾತ್ರ. ಉಳಿದದ್ದೆಲ್ಲ ಬೇಕು. ಕಾಲುಬಾಯಿ ಜ್ವರಕ್ಕೆ ನಾಲ್ಕು ತಿಂಗಳಿಗೆ ಮೊದಲನೆಯದು, ಒಂದು ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಗಂಟಲು ಊದುವ ಗಳಲೆ ರೋಗ, ಚಪ್ಪೆ ರೋಗಕ್ಕೆ ಆರು ತಿಂಗಳ ಮೇಲೆ, ಪ್ರತಿ ವರ್ಷ ಮಳೆಗೆ ಮೊದಲು. ಚಪ್ಪೆ ರೋಗವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅದು ಹಿಡಿಯುವುದು ಬಡಕಲು ಕರುವನ್ನಲ್ಲ, ಚೆನ್ನಾಗಿ ತಿಂದು ಮೈತುಂಬಿಕೊಂಡ ಆರು ತಿಂಗಳಿಂದ ಎರಡು ವರ್ಷದ ಕರುವನ್ನು. ತೊಡೆ ಊದಿ, ಒತ್ತಿದರೆ ಚರಚರ ಸದ್ದು ಬರುತ್ತದೆ. ಒಂದೆರಡು ದಿನದಲ್ಲಿ ಮುಗಿಯುತ್ತದೆ. ಚರ್ಮಗಂಟು ರೋಗದ ಲಸಿಕೆ ಬಂದಾಗ ಅದನ್ನೂ ಹಾಕಿಸಿ, 2022ರಲ್ಲಿ ರಾಜ್ಯದ ತುಂಬ ಅದು ಹಬ್ಬಿದ್ದು ನೆನಪಿರಬಹುದು.

ಯಾವ ಗಿಡ ತಿಂದ್ರೆ ವಿಷ?

ಲಂಟಾನ ಮೊದಲನೆಯದು. ಬೇಸಿಗೆಯಲ್ಲಿ ಬೇರೆ ಹಸಿರಿಲ್ಲದಾಗ, ಹೊಸ ಜಾಗದಿಂದ ತಂದ ಕರುಗಳು ತಿನ್ನುವುದು ಜಾಸ್ತಿ. ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ತಕ್ಷಣ ನೆರಳಿಗೆ ಕಟ್ಟಿ ಡಾಕ್ಟರನ್ನು ಕರೆಸಿ. ಮರಗೆಣಸಿನ ಹಸಿ ಸೊಪ್ಪು, ರಬ್ಬರ್ ಎಲೆ, ಎಳೆ ಜೋಳದ ಪೈರು ಇವುಗಳಲ್ಲಿ ಸಯನೈಡ್ ವಿಷ. ನಿಮಿಷಗಳ ಲೆಕ್ಕ.

ಚಿರತೆ ಕರು ಹೊಡೆದ್ರೆ ಪರಿಹಾರ ಸಿಗುತ್ತಾ?

ಅರಣ್ಯ ಇಲಾಖೆ ಕೊಡುತ್ತದೆ. ಕಳೇಬರವನ್ನು ಅಲ್ಲಿಂದ ಕದಲಿಸದೆ ಫೋಟೊ ತೆಗೆದು, ಅಂದೇ ಅರಣ್ಯ ಕಚೇರಿಗೆ ತಿಳಿಸಿ. ಪಶು ವೈದ್ಯರ ವರದಿ ಬೇಕು, ಕಿವಿಯ ಓಲೆ ನಂಬರು ಬೇಕು. ಓಲೆ ಇಲ್ಲದ ಕರು ನಿಮ್ಮದೇ ಅಂತ ಸಾಬೀತು ಮಾಡಲು ಓಡಾಡಬೇಕಾಗುತ್ತದೆ.

## ಹೋರಿಯಾದ ಮೇಲೆ

ಬೀಜ ಯಾವಾಗ ಒಡೆಸೋದು? ಬೇಗ ಒಡೆಸಿದ್ರೆ ಸಾಧು ಆಗುತ್ತೆ ಅಂತಾರೆ, ತಡ ಮಾಡಿದ್ರೆ ಕತ್ತು ಬರುತ್ತೆ ಅಂತಾರೆ.

ಎರಡೂ ನಿಜ. ಕತ್ತು, ಡುಬ್ಬ, ಭುಜ ತುಂಬುವುದು ಬೀಜದಲ್ಲಿ ಬರುವ ಹಾರ್ಮೋನಿನಿಂದ. ಉಳುಮೆಗೆ ಬೇಕು ಅಂದರೆ ಒಂದೂವರೆಯಿಂದ ಎರಡು ವರ್ಷದವರೆಗೆ ಬಿಡಿ, ಎರಡು ಹಲ್ಲು ಬರುವ ಹೊತ್ತು. ಗೊಬ್ಬರಕ್ಕೆ ಮಾತ್ರ ಸಾಕುವುದಾದರೆ, ಮನೆಯಲ್ಲಿ ಹೆಂಗಸರು ಮಕ್ಕಳೇ ನೋಡಿಕೊಳ್ಳುವುದಾದರೆ, ಎಂಟು ಹತ್ತು ತಿಂಗಳಿಗೇ ಮಾಡಿಸಿ. ತುಂಬ ಎಳೆಯದರಲ್ಲಿ ಮಾಡಿಸಿದರೆ ಮೂತ್ರನಾಳ ಸಪೂರವಾಗಿಯೇ ಉಳಿಯುತ್ತದೆ, ಅದು ನೆನಪಿರಲಿ.

ಕಲ್ಲಿನಲ್ಲಿ ಜಜ್ಜುವ ಹಳೆಯ ಕ್ರಮ ಬೇಡ. ಪಶು ವೈದ್ಯರು ನೋವಿಗೆ ಔಷಧಿ ಕೊಟ್ಟು, ಬರ್ಡಿಜೊ ಇಕ್ಕಳದಿಂದ ನರವನ್ನು ಹೊರಗಿನಿಂದಲೇ ಅಮುಕುತ್ತಾರೆ. ಗಾಯ ಇಲ್ಲ, ರಕ್ತ ಇಲ್ಲ. ಎರಡು ಕಡೆಯೂ ಬೇರೆ ಬೇರೆಯಾಗಿ, ಒಂದರ ಗೆರೆ ಇನ್ನೊಂದಕ್ಕೆ ಸೇರದ ಹಾಗೆ ಹಾಕಬೇಕು. ನಾಲ್ಕೈದು ದಿನ ಊತ ಇರುತ್ತದೆ. ತಿಂಗಳು, ಒಂದೂವರೆ ತಿಂಗಳಲ್ಲಿ ಬೀಜ ಸಣ್ಣದಾಗಬೇಕು. ಆಗದಿದ್ದರೆ ನರ ತಪ್ಪಿದೆ, ಮತ್ತೆ ಮಾಡಿಸಬೇಕು. ಅಷ್ಟು ದಿನವೂ ಪಡ್ಡೆ ಹಸುಗಳ ಜೊತೆ ಬಿಡಬೇಡಿ, ಗಬ್ಬ ಕಟ್ಟಬಹುದು.

ಹೋರಿ ಕಾಲು ಅಗಲಿಸಿ ಮುಕ್ಕುತ್ತೆ, ಮೂತ್ರ ಬರಲ್ಲ. ಮಲಬದ್ಧತೆ ಇರ್ಬಹುದಾ?

ಹಾಗೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂತವರಿಂದಲೇ ಹೋರಿಗಳು ಹೋಗಿವೆ. ಬಹಳ ಸಲ ಅದು ಮೂತ್ರನಾಳದ ಕಲ್ಲು. ಹಸುಗಳಿಗೂ ಕಲ್ಲು ಆಗುತ್ತದೆ, ಆದರೆ ಅವುಗಳ ನಾಳ ಅಗಲ, ಹೊರಗೆ ಹೋಗುತ್ತದೆ. ಬೀಜ ಒಡೆದ ಗಂಡಿನಲ್ಲಿ ನಾಳ ಸಪೂರ, ಅದೂ ಎರಡು ಕಡೆ ಬಾಗಿ ಹೋಗುತ್ತದೆ. ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಕಲ್ಲಾಗಲು ಮುಖ್ಯ ಕಾರಣ ತೌಡು. ಅದರಲ್ಲಿ ರಂಜಕ ವಿಪರೀತ, ಸುಣ್ಣದಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸುಣ್ಣದಂಶ ರಂಜಕಕ್ಕಿಂತ ಎರಡು ಪಾಲು ಇರಬೇಕು, ತೌಡಿನಲ್ಲಿ ಪೂರಾ ಉಲ್ಟಾ. ಮಳೆಗಾಲದಲ್ಲಿ, ಚಳಿಯಲ್ಲಿ ನೀರು ಕುಡಿಯುವುದೂ ಕಡಿಮೆ, ಮೂತ್ರ ಗಟ್ಟಿಯಾಗುತ್ತದೆ. ತೌಡು ಕಡಿಮೆ ಮಾಡಿ, ಖನಿಜ ಮಿಶ್ರಣ ತಪ್ಪಿಸಬೇಡಿ, ಉಪ್ಪು ಕೊಡಿ. ಉಪ್ಪು ತಿಂದದ್ದು ನೀರು ಕುಡಿಯುತ್ತದೆ. ಚಳಿಗೆ ಉಗುರುಬೆಚ್ಚಗಿನ ನೀರಾದರೆ ಇನ್ನೂ ಒಳ್ಳೆಯದು.

ಗುರುತು ಹೇಳುತ್ತೇನೆ. ಮೂತ್ರ ಹನಿ ಹನಿಯಾಗಿ ಬರುತ್ತದೆ. ತುದಿಯ ಕೂದಲಿಗೆ ಬಿಳಿ ಮರಳಿನಂಥದ್ದು ಅಂಟಿರುತ್ತದೆ. ಹೊಟ್ಟೆಗೆ ಒದ್ದುಕೊಳ್ಳುತ್ತದೆ. ಪೂರ್ತಿ ಕಟ್ಟಿದ ಮೇಲೆ ಒಂದೆರಡು ದಿನದಲ್ಲಿ ಮೂತ್ರದ ಚೀಲ ಒಡೆಯುತ್ತದೆ. ಆಗ ಹೋರಿ ಸುಮ್ಮನಾಗುತ್ತದೆ, ಗುಣವಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಹೊಟ್ಟೆ ಕೆಳಗಡೆ ಇಳಿಬೀಳುವುದು ಕಂಡಾಗಲೇ ಗೊತ್ತಾಗುವುದು. ಮೂತ್ರ ಹೆಚ್ಚಿಸುವ ಕಷಾಯ, ಮಾತ್ರೆ ಕೊಡಬೇಡಿ. ಕಟ್ಟಿರುವಾಗ ಅದು ಚೀಲವನ್ನು ಬೇಗ ಒಡೆಸುತ್ತದೆ ಅಷ್ಟೆ. ಆಪರೇಷನ್ ಆಗುವ ಆಸ್ಪತ್ರೆಗೆ ಅಂದೇ ಒಯ್ಯಿರಿ.

ಮೂಗುದಾರ ಯಾವಾಗ, ನೊಗಕ್ಕೆ ಯಾವಾಗ?

ಮೂಗುದಾರ ಒಂದೂವರೆ ವರ್ಷದ ಮೇಲೆ, ಮಳೆ ಮುಗಿದು ನೊಣ ಕಡಿಮೆಯಾದಾಗ. ಗಾಯ ಪೂರ್ತಿ ಮಾಗುವವರೆಗೆ ಹಗ್ಗ ಎಳೆಯಬೇಡಿ. ಅದಕ್ಕೆ ಮುಂಚೆ ಕಣ್ಣಿ ಹಾಕಿ ದಿನಾ ಓಡಾಡಿಸಿ, ಮೈ ತಿಕ್ಕಿ, ಕಾಲು ಎತ್ತಿ ನೋಡಿ. ಆರು ತಿಂಗಳ ಕರುವಿಗೆ ಮೈಮುಟ್ಟಿ ರೂಢಿ ಮಾಡಿದರೆ ಎರಡು ವರ್ಷದ ಹೋರಿ ಜೊತೆ ಗುದ್ದಾಡುವುದು ತಪ್ಪುತ್ತದೆ.

ಎರಡು ವರ್ಷಕ್ಕೆ ಖಾಲಿ ನೊಗ, ಆಮೇಲೆ ಹಗುರದ ಮರದ ತುಂಡು, ಪಕ್ಕದಲ್ಲಿ ಪಳಗಿದ ಹಳೆಯ ಎತ್ತು. ಪೂರ್ತಿ ನೇಗಿಲು ಮೂರು ವರ್ಷದ ಮೇಲೆ. ಅದಕ್ಕೂ ಮೊದಲು ಕೆಸರುಗದ್ದೆಗೆ ಇಳಿಸಿದರೆ ಗೆಣ್ಣು ಕೆಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಜೋಡಿ ಮಾಡುವಾಗ ಬಣ್ಣ ನೋಡುವವರೇ ಜಾಸ್ತಿ. ಎತ್ತರ, ನಡಿಗೆಯ ವೇಗ ನೋಡಿ.

ಗಿಡ್ಡದ ಹೋರಿ ಚೆನ್ನಾಗಿ ಬಂದಿದೆ. ಬೀಜ ಒಡೆಸದೆ ಊರಿಗೇ ಇಟ್ಕೊಳ್ಳೋಣ ಅಂತಿದೀವಿ.

ತಾಯಿಯ ಹಾಲು, ಸ್ವಭಾವ ಚೆನ್ನಾಗಿದ್ದರೆ, ಹೋರಿ ಹಾಯದಿದ್ದರೆ ಒಳ್ಳೆಯ ಯೋಚನೆ. ಗಿಡ್ಡದ ಹೋರಿ ಈಗ ಊರೂರಲ್ಲಿ ಸಿಗುವುದಿಲ್ಲ, ಹಸುಗಳಿಗೆಲ್ಲ ಜರ್ಸಿ ವೀರ್ಯದ ಸೂಜಿಯೇ ಬೀಳುತ್ತಿದೆ. ಕಂದುರೋಗದ ರಕ್ತಪರೀಕ್ಷೆ ಮೊದಲು ಮಾಡಿಸಿ. ಮೂರು ವರ್ಷಕ್ಕಿಂತ ಹೆಚ್ಚು ಒಂದೇ ಊರಲ್ಲಿ ಇಡಬೇಡಿ, ತನ್ನ ಮಗಳಿಗೇ ಹಾರುತ್ತದೆ. ದೂರದ ಊರಿನವರ ಜೊತೆ ಅದಲು ಬದಲು ಮಾಡಿಕೊಳ್ಳಿ. ಮೇವಿನ ಖರ್ಚನ್ನು ಹಸು ತರುವ ಮನೆಯವರೆಲ್ಲ ಹಂಚಿಕೊಳ್ಳುವ ಮಾತು ಮೊದಲೇ ಆಗಿಬಿಡಲಿ, ಆಮೇಲೆ ಜಗಳ ಬೇಡ.

ಇನ್ಮುಂದೆ ಗಂಡು ಕರುನೇ ಹುಟ್ಟದ ಹಾಗೆ ಮಾಡ್ಬಹುದಂತೆ?

ಲಿಂಗ ವಿಂಗಡಿಸಿದ ವೀರ್ಯ ಬಂದಿದೆ. ಹತ್ತರಲ್ಲಿ ಒಂಬತ್ತು ಸಲ ಹೆಣ್ಣು. ಮಾಮೂಲಿ ಸೂಜಿಗಿಂತ ಗಬ್ಬ ಕಟ್ಟುವುದು ಸ್ವಲ್ಪ ಕಡಿಮೆ, ಹಾಗಾಗಿ ಮೊದಲ ಎರಡು ಮೂರು ಸೂಲಿನ, ಆರೋಗ್ಯವಾಗಿರುವ ಹಸುವಿಗೆ ಮಾತ್ರ ಹಾಕಿಸಿ. ಎಚ್‌ಎಫ್, ಜರ್ಸಿ ಹಸು ಇದ್ದು, ಗಂಡು ಕರು ಸಾಕಲು ಜಾಗ, ಮೇವು ಇಲ್ಲದವರು ಇದನ್ನೇ ಕೇಳಿ ಹಾಕಿಸುವುದು ಸರಿ. ಬೆದೆಗೆ ಬಂದ ಹೊತ್ತನ್ನು ಸರಿಯಾಗಿ ಬರೆದಿಟ್ಟು ಹೇಳಿ, ಇದರಲ್ಲಿ ಹೊತ್ತು ತಪ್ಪಿದರೆ ಗಬ್ಬ ನಿಲ್ಲುವುದು ಕಷ್ಟ.